ಮುಮ್ಮಡಿ ಕೃಷ್ಣರಾಜ ಒಡೆಯರು – ಪರಿವಾರದ ತಪ್ಪಿಗೆ ಹೊಣೆ ಹೊತ್ತ ದೊರೆ

ಹೊಸೂರು ಸೀಮೆಯ ಗುಮ್ಮಳಾಪುರ ಕನ್ನಡ ನುಡಿಯ ಹಳೆಯ ನೆಲೆಗಳಲ್ಲಿ ಒಂದು. ಶೂನ್ಯಸಂಪಾದನೆಯನ್ನು ಪರಿಷ್ಕರಿಸಿ ಕನ್ನಡಕ್ಕೆ ಕೊಟ್ಟ ಮಹನೀಯರಲ್ಲಿ ಒಬ್ಬರಾದ ಸಿದ್ಧಲಿಂಗ ಯತಿಗಳ ಹೆಸರಿನೊಂದಿಗೆ ಈ ಊರಿನ ಹೆಸರೂ ಸಾಹಿತ್ಯ ಚರಿತ್ರೆಯಲ್ಲಿ ಶಾಶ್ವತವಾಗಿ ಸೇರಿಹೋಗಿದೆ. ಶರಣರ ಸಂವಾದವೇ ಆ ಗ್ರಂಥದ ಜೀವಾಳ. ಅಲ್ಲಿ ಪ್ರಶ್ನೆಗೆ ಅತೀತರಾದವರು ಯಾರೂ ಇಲ್ಲ; ಎಷ್ಟೇ ಹಿರಿಯರಾದರೂ ಕೇಳಿದ್ದಕ್ಕೆ ಉತ್ತರ ಕೊಡಲೇಬೇಕು. ಇಂಥ ನೆಲದಲ್ಲಿ ನಡೆಯುವ ದೇವರ ಉತ್ಸವದ ಪುಣ್ಯಕಾಲದಲ್ಲಿ, ತಮ್ಮ ಸುತ್ತಲಿನವರು ಮಾಡಿದ ತಪ್ಪಿಗೆ ತಾವೇ ಉತ್ತರ ಕೊಡಬೇಕಾಗಿ ಬಂದು, ಅದಕ್ಕಾಗಿ ರಾಜ್ಯವನ್ನೇ ಕಳೆದುಕೊಂಡು ಮೂವತ್ತೇಳು ವರ್ಷ ಬಾಳಿದ ಒಬ್ಬ ಕನ್ನಡ ದೊರೆಯ ಜೀವನವನ್ನು ಸ್ಮರಿಸುವುದು ಉಚಿತವಾಗಿದೆ. ಅವರೇ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು.

ಅಭಿನವ ಭೋಜನೆಂದು ಕೀರ್ತಿ ಪಡೆದ ಈ ದೊರೆಯ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಅವರ ಸಾಹಿತ್ಯ ಪ್ರೇಮ, ದೈವಭಕ್ತಿ, ದಾನಬುದ್ಧಿಗಳನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ಅವರ ಬಾಳಿನ ಅತಿ ದೊಡ್ಡ ಪಾಠ ಇರುವುದು ಅವರ ಆಡಳಿತ ಕುಸಿದ ಬಗೆಯಲ್ಲಿ. ಅದನ್ನು ಮುಚ್ಚಿಡದೆ ಹೇಳುವುದು ಅವರ ಹಿರಿಮೆಗೆ ಕುಂದು ತರುವ ಮಾತಲ್ಲ.

ಬಾಲ್ಯದಲ್ಲೇ ಒದಗಿದ ಸಿಂಹಾಸನ

ಕೃಷ್ಣರಾಜರು ಹುಟ್ಟಿದ್ದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ಆಗ ರಾಜ್ಯ ಟಿಪ್ಪು ಸುಲ್ತಾನರ ಕೈಯಲ್ಲಿತ್ತು. ಒಡೆಯರ ಮನೆತನ ಹೆಸರಿಗೆ ಮಾತ್ರ ಉಳಿದಿತ್ತು. ತಂದೆ ಚಾಮರಾಜ ಒಡೆಯರು 1796ರಲ್ಲಿ ತೀರಿಕೊಂಡರು. ತಂದೆಯಿಲ್ಲದ ಮಗುವಿನ ರಕ್ಷಣೆಗೆ ನಿಂತವರು ಹಿರಿಯ ರಾಣಿ ಲಕ್ಷ್ಮಮ್ಮಣ್ಣಿಯವರು. ಮನೆತನಕ್ಕೆ ರಾಜ್ಯ ಮರಳಿ ಬರಬೇಕೆಂದು ಆ ತಾಯಿ ಹಲವಾರು ವರ್ಷ ಗುಟ್ಟಾಗಿ ಇಂಗ್ಲಿಷರೊಡನೆ ಪತ್ರವ್ಯವಹಾರ ನಡೆಸಿದ್ದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಗೆದ್ದ ಪ್ರದೇಶವನ್ನು ಹಂಚಿಕೊಂಡಾಗ ಹೊಸೂರು, ಡೆಂಕಣಿಕೋಟೆಯ ಸೀಮೆ ಕಂಪನಿ ಸರ್ಕಾರದ ಪಾಲಾಗಿ ಸೇಲಂ ಜಿಲ್ಲೆಗೆ ಸೇರಿತು. ಅದಕ್ಕೆ ಮೊದಲೇ, 1792ರ ಒಪ್ಪಂದದಿಂದ, ಕೃಷ್ಣಗಿರಿ, ಧರ್ಮಪುರಿಗಳ ಬಾರಾಮಹಲು ಕಂಪನಿಯ ವಶವಾಗಿತ್ತು. ಹೀಗೆ ಮೈಸೂರಿನ ನೆರಳಿನಲ್ಲಿದ್ದ ಈ ಕನ್ನಡ ಊರುಗಳ ನಡುವೆ ಒಂದು ಗಡಿಗೆರೆ ಬಿದ್ದಿತು. ಗೆರೆಯ ಆ ಕಡೆ ಉಳಿದ ಮೈಸೂರು ಸೀಮೆಗೆ ಐದು ವರ್ಷವೂ ತುಂಬದ ಕೃಷ್ಣರಾಜರನ್ನು ದೊರೆಯನ್ನಾಗಿ ಮಾಡಲಾಯಿತು. 1799ರ ಜೂನ್ 30ರಂದು, ಮೈಸೂರಿನಲ್ಲಿ ಹಾಕಿದ ಚಪ್ಪರದಲ್ಲಿ ಪಟ್ಟಾಭಿಷೇಕ ನಡೆಯಿತು. ಏಕೆಂದರೆ ಆಗ ಅಲ್ಲಿ ಅರಮನೆಯೇ ಇರಲಿಲ್ಲ.

ಈ ಏರ್ಪಾಡುಗಳನ್ನು ಮಾಡಿದ ಮೈಸೂರು ಕಮಿಷನ್ನಿಗೆ ಕಾರ್ಯದರ್ಶಿಗಳಾಗಿದ್ದವರು ಇಬ್ಬರು ಯುವಕ ಅಧಿಕಾರಿಗಳು, ಜಾನ್ ಮಾಲ್ಕಂ ಮತ್ತು ಥಾಮಸ್ ಮನ್ರೋ. ಮನ್ರೋ ಅದಕ್ಕೆ ಮುಂಚೆ ಏಳು ವರ್ಷ ಇದೇ ಬಾರಾಮಹಲಿನಲ್ಲಿ ಅಲೆಕ್ಸಾಂಡರ್ ರೀಡರ ಕೈಕೆಳಗೆ ಕಂದಾಯದ ಕೆಲಸ ಮಾಡಿದವರು. ರೈತನ ಹೊಲಕ್ಕೆ ತಾವೇ ಹೋಗಿ ಲೆಕ್ಕ ನೋಡಿದವರು. ಈ ಹೆಸರು ಮುಂದೆ ಮತ್ತೊಮ್ಮೆ ಬರುತ್ತದೆ.

1799ರ ಜುಲೈ 8ರ ಒಪ್ಪಂದದಂತೆ ಮೈಸೂರು ರಾಜ್ಯ ಪ್ರತಿ ವರ್ಷ ಏಳು ಲಕ್ಷ ಸ್ಟಾರ್ ವರಹಗಳನ್ನು, ಅಂದರೆ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳನ್ನು, ಕಂಪನಿಗೆ ಪೊಗದಿಯಾಗಿ ಕೊಡಬೇಕಾಗಿತ್ತು. ಆ ಹಣ ಬಾರದೇ ಹೋಗಬಹುದೆಂಬ ಭಯ ತೋರಿದರೆ, ಅದಕ್ಕೆ ಬೇಕಾದಷ್ಟು ಪ್ರದೇಶವನ್ನು ತನ್ನ ವಶಕ್ಕೆ ತೆಗೆದುಕೊಳ್ಳುವ ಅಧಿಕಾರವನ್ನು ನಾಲ್ಕನೆಯ ಕಲಮು ಕಂಪನಿಗೆ ಕೊಟ್ಟಿತ್ತು. ಬಾಲಕ ದೊರೆಯ ತಲೆಯ ಮೇಲೆ ತೂಗುತ್ತಿದ್ದ ಕತ್ತಿ ಅದು.

ಪೂರ್ಣಯ್ಯನವರ ಕಾಲ

ದೊರೆ ಮಗುವಾಗಿದ್ದುದರಿಂದ ಆಡಳಿತವೆಲ್ಲ ದಿವಾನ್ ಪೂರ್ಣಯ್ಯನವರದಾಯಿತು. ಹೈದರಾಲಿ, ಟಿಪ್ಪು ಇಬ್ಬರ ಬಳಿಯೂ ದುಡಿದ ಅನುಭವಿ ಅವರು. ಕೆರೆ ಕಾಲುವೆಗಳನ್ನು ದುರಸ್ತಿ ಮಾಡಿಸಿದರು, ರಸ್ತೆ ಸೇತುವೆಗಳನ್ನು ಕಟ್ಟಿಸಿದರು, ಪೊಗದಿಯನ್ನು ತಪ್ಪದೆ ಸಲ್ಲಿಸಿದರು. ಅವರು ಅಧಿಕಾರ ಬಿಟ್ಟಾಗ ಖಜಾನೆಯಲ್ಲಿ ಎರಡು ಕೋಟಿ ರೂಪಾಯಿಗೂ ಮೇಲೆ ಇತ್ತೆಂದು ಬ್ರಿಟಿಷ್ ದಾಖಲೆಗಳು ಹೇಳುತ್ತವೆ. ಹಣ ಕೂಡಿಸುವುದರಲ್ಲಿ ಅವರು ಬಿಗಿಯಾಗಿದ್ದರೆಂಬ ಮಾತೂ ಇದೆ. ಆದರೆ ತಮ್ಮ ಕೈಕೆಳಗಿನವರ ಲೆಕ್ಕವನ್ನು ತಾವೇ ನೋಡುವ ಅಭ್ಯಾಸ ಅವರಿಗಿತ್ತು. ಹನ್ನೆರಡು ವರ್ಷ ರಾಜ್ಯ ನಿಂತದ್ದು ಅದರ ಮೇಲೆಯೇ.

ಆ ಹನ್ನೆರಡು ವರ್ಷಗಳಲ್ಲಿ ಆಗಬೇಕಾಗಿದ್ದ ಒಂದು ಕೆಲಸ ಮಾತ್ರ ಸರಿಯಾಗಿ ಆಗಲಿಲ್ಲ. ಬೆಳೆಯುತ್ತಿದ್ದ ದೊರೆಗೆ ರಾಜ್ಯದ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಕಲಿಸಿ, ಮನುಷ್ಯರನ್ನು ಅಳೆಯುವ ಬಗೆಯನ್ನು ತೋರಿಸಿಕೊಡುವ ಕೆಲಸ ಅದು. ಎಲ್ಲವನ್ನೂ ದಿವಾನರೇ ನಡೆಸುತ್ತಿದ್ದರು. 1810ರಲ್ಲಿ ಲಕ್ಷ್ಮಮ್ಮಣ್ಣಿಯವರು ಕಾಲವಾದರು. ಪ್ರಾಯಕ್ಕೆ ಬಂದ ಕೃಷ್ಣರಾಜರು ಅಧಿಕಾರವನ್ನು ತಮ್ಮ ಕೈಗೆ ಒಪ್ಪಿಸಬೇಕೆಂದು ಬಯಸಿದರು. 1811ರ ಕೊನೆಯಲ್ಲಿ ಪೂರ್ಣಯ್ಯನವರು ನಿವೃತ್ತರಾಗಿ ಶ್ರೀರಂಗಪಟ್ಟಣಕ್ಕೆ ಹೋದರು. 1812ರ ಮಾರ್ಚಿಯಲ್ಲಿ ಅಲ್ಲಿಯೇ ತೀರಿಕೊಂಡರು. ಹೀಗೆ ಎರಡೇ ವರ್ಷಗಳೊಳಗೆ, ಎದುರು ನಿಂತು ಬುದ್ಧಿ ಹೇಳಬಲ್ಲ ಹಿರಿಯರಿಬ್ಬರೂ ಇಲ್ಲವಾದರು. ಹದಿನೇಳರ ದೊರೆಯ ಮುಂದೆ ತುಂಬಿದ ಖಜಾನೆಯಿತ್ತು, ಸುತ್ತಲೂ ಹೊಗಳುವ ಬಾಯಿಗಳಿದ್ದವು.

ಹಿತ್ತಾಳೆ ಕಿವಿ, ತೆರೆದ ಕೈ

ಕೃಷ್ಣರಾಜರು ಸ್ವಭಾವದಿಂದ ಮೃದು, ಉದಾರಿ. ಪ್ರಜೆಗಳನ್ನು ಹಿಂಸಿಸಬೇಕೆಂಬ ಬುದ್ಧಿ ಅವರಿಗೆ ಎಂದೂ ಇರಲಿಲ್ಲ. ಕವಿಗಳಿಗೆ, ಶಾಸ್ತ್ರಿಗಳಿಗೆ, ಸಂಗೀತಗಾರರಿಗೆ, ದೇವಸ್ಥಾನಗಳಿಗೆ, ಮಠಗಳಿಗೆ ಕೊಡುವುದರಲ್ಲಿ ಅವರ ಕೈ ತಡೆಯುತ್ತಿರಲಿಲ್ಲ. ಆದರೆ ಬೇಡಿದವರಿಗೆಲ್ಲ ಕೊಡುವ ಗುಣ ಅರಮನೆಯ ಒಳಗಿದ್ದಷ್ಟು ದಿನ ಸದ್ಗುಣ. ಸರ್ಕಾರದ ಹುದ್ದೆಗಳಿಗೂ ಅದು ವ್ಯಾಪಿಸಿದಾಗ ದೋಷ. ಉಂಬಳಿಯನ್ನು ಕೊಟ್ಟಂತೆ ಅಧಿಕಾರವನ್ನೂ ಕೊಡುವ ರೂಢಿ ಬೆಳೆಯಿತು. ಕೆಲಸ ಬಲ್ಲವನು ಯಾರು ಎಂಬುದಕ್ಕಿಂತ ಹತ್ತಿರದವನು ಯಾರು ಎಂಬುದು ಮುಖ್ಯವಾಯಿತು.

1811ರಿಂದ 1831ರವರೆಗಿನ ಇಪ್ಪತ್ತು ವರ್ಷಗಳಲ್ಲಿ ದಿವಾನರ ಪೀಠ ಮತ್ತೆ ಮತ್ತೆ ಕೈ ಬದಲಾಯಿಸಿತು. ಬಾಬುರಾಯರಂಥವರು ಒಂದಕ್ಕಿಂತ ಹೆಚ್ಚು ಸಲ ಬಂದು ಹೋದರು. ಯಾವ ದಿವಾನನಿಗೂ ಕೈಗೊಂಡ ಕೆಲಸವನ್ನು ಮುಗಿಸುವಷ್ಟು ಕಾಲ ಸಿಗಲಿಲ್ಲ. ಹಾಗೆಯೇ, ಕೆಟ್ಟ ಕೆಲಸಕ್ಕೆ ಇವನೇ ಹೊಣೆ ಎಂದು ಬೆರಳು ತೋರಿಸುವಷ್ಟು ಕಾಲ ಯಾರೂ ನಿಲ್ಲಲೂ ಇಲ್ಲ. ಹೊಸಬನು ಹಳಬನ ಮೇಲೆ, ಹಳಬನು ಅಮಲ್ದಾರನ ಮೇಲೆ, ಅಮಲ್ದಾರನು ಶಾನುಭೋಗನ ಮೇಲೆ ತಪ್ಪು ಹೊರಿಸಬಹುದಾಗಿತ್ತು. ಪೂರ್ಣಯ್ಯನವರು ಕೂಡಿಸಿಟ್ಟ ಹಣ ಕರಗಿತು. ಸೈನಿಕರ, ನೌಕರರ ಸಂಬಳ ಬಾಕಿ ಬಿದ್ದಿತು.

ಹಣದ ಮುಗ್ಗಟ್ಟು ಬಂದಾಗ ಆಡಳಿತಗಾರರು ಹಿಡಿದ ದಾರಿ ಶರತ್ತಿನ ಪದ್ಧತಿ. ಇದನ್ನು ಸ್ವಲ್ಪ ವಿವರಿಸಿ ಹೇಳಬೇಕು. ಒಂದು ತಾಲ್ಲೂಕಿನಿಂದ ಈ ವರ್ಷ ಇಷ್ಟು ಕಂದಾಯ ಎತ್ತಿ ಕೊಡುತ್ತೇನೆ ಎಂದು ಅಮಲ್ದಾರನು ಮೊದಲೇ ಕರಾರು ಬರೆದುಕೊಡಬೇಕು. ವಸೂಲಿ ಕಡಿಮೆಯಾದರೆ ಆ ಕೊರತೆಯನ್ನು ಅವನೇ ತುಂಬಬೇಕು; ಹೆಚ್ಚಾದರೆ ಹೆಚ್ಚಿನದನ್ನು ಸರ್ಕಾರಕ್ಕೆ ಸಲ್ಲಿಸಬೇಕು. ಕರಾರಿನ ಮೊತ್ತ ಹಿಂದಿನ ವರ್ಷಕ್ಕಿಂತ ಏರುತ್ತಿರಬೇಕೆಂಬುದು ಹಜೂರಿನ ನಿರೀಕ್ಷೆ. ಕಾಗದದ ಮೇಲೆ ಇದು ಚೆನ್ನಾಗಿ ಕಾಣುತ್ತಿತ್ತು. ಮಳೆ ಬರಲಿ ಬಾರದಿರಲಿ, ಖಜಾನೆಗೆ ಹಣ ಖಚಿತ ಎಂದು ಸಲಹೆಗಾರರು ದೊರೆಯನ್ನು ನಂಬಿಸಿದರು. ಹಳ್ಳಿಯಲ್ಲಿ ನಡೆದದ್ದು ಬೇರೆ. ಹೆಚ್ಚು ಮೊತ್ತಕ್ಕೆ ಒಪ್ಪಿದವನಿಗೆ ಅಮಲು ಸಿಕ್ಕಿತು. ಅವನು ತನ್ನ ಕರಾರನ್ನು ಉಳಿಸಿಕೊಳ್ಳುವುದಕ್ಕೂ ತನ್ನ ಮಡಿಲು ತುಂಬಿಕೊಳ್ಳುವುದಕ್ಕೂ ರೈತನನ್ನು ಹಿಂಡಿದನು. ಮದುವೆಗೆ, ಮಗು ಹುಟ್ಟಿದ್ದಕ್ಕೆ, ಹೆಸರಿಟ್ಟಿದ್ದಕ್ಕೆ ಸಹ ಸುಂಕ ಕೇಳುವ ಹಳೆಯ ಪುಡಿ ತೆರಿಗೆಗಳು ನೂರಾರು ಇದ್ದವು. ಅವೆಲ್ಲ ಇಂಥವರ ಕೈಗೆ ಸಿಕ್ಕ ಆಯುಧಗಳಾದವು.

ದೊರೆ ಇದನ್ನು ಮಾಡಿರೆಂದು ಹೇಳಿದವರಲ್ಲ. ಆದರೆ ಪದ್ಧತಿಗೆ ಅವರ ಒಪ್ಪಿಗೆಯಿತ್ತು, ಮೊಹರು ಅವರದಾಗಿತ್ತು. ಬಂದ ಹಣವನ್ನು ಎಣಿಸಿದವರು, ಅದು ಯಾರ ಮನೆಯಿಂದ ಹೇಗೆ ಬಂತೆಂದು ವಿಚಾರಿಸಲಿಲ್ಲ.

ಮನ್ರೋ ಕೊಟ್ಟ ಎಚ್ಚರಿಕೆ

1825ರ ಸೆಪ್ಟೆಂಬರಿನಲ್ಲಿ ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ಮೈಸೂರಿಗೆ ಬಂದರು. ಇಪ್ಪತ್ತಾರು ವರ್ಷಗಳ ಹಿಂದೆ ಈ ರಾಜ್ಯವನ್ನು ಕಟ್ಟಿದ ಕಮಿಷನ್ನಿನ ಕಾರ್ಯದರ್ಶಿಯಾಗಿದ್ದವರೇ ಇವರು. ಅಂದು ಐದು ವರ್ಷದ ಮಗುವಾಗಿದ್ದ ದೊರೆಗೆ ಈಗ ಮೂವತ್ತೊಂದು ವಯಸ್ಸು. ರಾಜ್ಯದ ಹಣಕಾಸು ಕೆಟ್ಟಿರುವುದನ್ನು ಮನ್ರೋ ಮುಖಾಮುಖಿಯಾಗಿ ಎತ್ತಿ ಹೇಳಿದರು. ಪ್ರತಿ ವರ್ಷದ ಜಮಾ ಖರ್ಚಿನ ಲೆಕ್ಕವನ್ನು ಕೊಡಬೇಕು, ಖರ್ಚನ್ನು ಹಿಡಿತಕ್ಕೆ ತರಬೇಕು, ಇಲ್ಲವಾದರೆ ಕಂಪನಿ ನೇರವಾಗಿ ಕೈಹಾಕಬೇಕಾಗುತ್ತದೆ ಎಂಬುದು ಅವರ ಮಾತಿನ ಸಾರಾಂಶವಾಗಿತ್ತು.

ಒಬ್ಬ ಆಳುವವನ ಹೊಣೆ ಎಲ್ಲಿಂದ ಪೂರ್ಣವಾಗಿ ಆರಂಭವಾಗುತ್ತದೆ ಎಂಬುದನ್ನು ಈ ಘಟನೆ ತೋರಿಸುತ್ತದೆ. ಅಲ್ಲಿಯವರೆಗೆ, ತಮ್ಮವರು ಏನು ಮಾಡುತ್ತಿದ್ದಾರೆಂದು ತಮಗೆ ತಿಳಿಯದು ಎಂದು ಕೃಷ್ಣರಾಜರು ಹೇಳಬಹುದಾಗಿತ್ತು. ಅಂದಿನಿಂದ ಆ ಮಾತಿಗೆ ಎಡೆ ಉಳಿಯಲಿಲ್ಲ. ಸ್ವಲ್ಪ ಕಾಲ ಖರ್ಚು ತಗ್ಗಿಸುವ ಪ್ರಯತ್ನ ನಡೆಯಿತು. ಆದರೆ ಶರತ್ತು ಹೋಗಲಿಲ್ಲ. ಸುತ್ತಲಿನ ಗುಂಪು ಚದುರಲಿಲ್ಲ. 1827ರಲ್ಲಿ ಮನ್ರೋ ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ಮೃತರಾದರು. ಹಿತವಾಗಿ ಎಚ್ಚರಿಸಬಲ್ಲ ಇನ್ನೊಂದು ದನಿಯೂ ನಿಂತುಹೋಯಿತು.

ಅದೇ ವರ್ಷಗಳಲ್ಲಿ ದೊರೆಯ ಧರ್ಮಕಾರ್ಯಗಳು ಮಾತ್ರ ವೈಭವದಿಂದ ನಡೆದವು. ಚಾಮುಂಡಿ ಬೆಟ್ಟದ ದೇವಾಲಯದ ಜೀರ್ಣೋದ್ಧಾರವಾಗಿ ಗೋಪುರ ಎದ್ದಿತು. 1829ರಲ್ಲಿ ಮೈಸೂರು ಕೋಟೆಯೊಳಗೆ ಪ್ರಸನ್ನ ಕೃಷ್ಣಸ್ವಾಮಿ ದೇವಸ್ಥಾನ ಪೂರ್ಣಗೊಂಡಿತು. ದೇವರ ಮುಂದೆ ಕೈಜೋಡಿಸಿ ನಿಂತ ಈ ಭಕ್ತ ದೊರೆಯ ವಿಗ್ರಹವನ್ನು ರಾಣಿಯರ ವಿಗ್ರಹಗಳ ಸಹಿತ ಇಂದಿಗೂ ಬೆಟ್ಟದ ದೇವಾಲಯದಲ್ಲಿ ಕಾಣಬಹುದು. ಆ ಭಕ್ತಿಯಲ್ಲಿ ಕಪಟವಿರಲಿಲ್ಲ. ಆದರೆ ಆಳುವವನ ಮೊದಲ ಪೂಜೆ ಪ್ರಜೆಯ ಅಹವಾಲನ್ನು ಕೇಳುವುದೇ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ.

ನಗರದ ದಂಗೆ

ಮೈಸೂರು ಸೀಮೆ ಆಗ ಬೆಂಗಳೂರು, ಮಧುಗಿರಿ, ಚಿತ್ರದುರ್ಗ, ಅಷ್ಟಗ್ರಾಮ, ಮಂಜರಾಬಾದು, ನಗರ ಎಂಬ ಆರು ಫೌಜುದಾರಿಗಳಾಗಿ ಹಂಚಿತ್ತು. ಮಲೆನಾಡಿನ ನಗರ ಫೌಜುದಾರಿ ರಾಜಧಾನಿಗೆ ಬಹು ದೂರ. ಅಲ್ಲಿ ಅಧಿಕಾರದಲ್ಲಿದ್ದವರು ತಮ್ಮ ಬಂಧುಬಳಗವನ್ನೇ ಹುದ್ದೆಗಳಲ್ಲಿ ತುಂಬಿಕೊಂಡರು. ದೂರು ಕೊಡಬೇಕಾದ ಜಾಗದಲ್ಲಿ ದೂರಿಗೆ ಒಳಗಾದವನ ನೆಂಟನೇ ಕುಳಿತಿರುತ್ತಿದ್ದನು. ರೈತರು ಕೂಟ ಸೇರಿದರು; ಕಂದಾಯ ಕೊಡುವುದಿಲ್ಲವೆಂದು ನಿಂತರು. 1830ರಲ್ಲಿ ಅದು ಬಂಡಾಯವಾಗಿ ಹರಡಿತು. ಕೆಳದಿಯ ಅರಸರ ವಂಶದವನು ತಾನೆಂದು ಹೇಳಿಕೊಂಡ ಬೂದಿ ಬಸವಪ್ಪ ಮುಂದೆ ನಿಂತನು. ತರೀಕೆರೆಯ ಪಾಳೆಯಗಾರರ ಮನೆತನವೂ ಎದ್ದಿತು. ಮೈಸೂರಿನ ಸೈನ್ಯಕ್ಕೆ ಅದನ್ನು ಅಡಗಿಸಲು ಸಾಧ್ಯವಾಗದೆ ಕಂಪನಿಯ ಸೈನ್ಯ ಬರಬೇಕಾಯಿತು. 1831ರಲ್ಲಿ ದಂಗೆ ಅಡಗಿತು. ಆ ವೇಳೆಗೆ ಎರಡೂ ಕಡೆ ಬಹಳ ರಕ್ತ ಹರಿದಿತ್ತು.

ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕರು 1831ರ ಸೆಪ್ಟೆಂಬರ್ 7ರ ತಾರೀಖಿನ ಪತ್ರದಲ್ಲಿ ತಮ್ಮ ನಿರ್ಣಯವನ್ನು ಕಳುಹಿಸಿದರು. ಆ ವರ್ಷದ ದಸರಾ ಮುಗಿಯುತ್ತಿದ್ದಂತೆಯೇ, ಅಕ್ಟೋಬರ್ 19ರಂದು, ಕೃಷ್ಣರಾಜರು ಯಾವ ಪ್ರತಿಭಟನೆಯನ್ನೂ ಮಾಡದೆ ಆಡಳಿತವನ್ನು ಒಪ್ಪಿಸಿಕೊಟ್ಟರು. ವರ್ಷಕ್ಕೆ ಒಂದು ಲಕ್ಷ ಸ್ಟಾರ್ ವರಹ ಮತ್ತು ರಾಜ್ಯದ ನಿವ್ವಳ ಹುಟ್ಟುವಳಿಯ ಐದನೆಯ ಒಂದು ಭಾಗ ಅವರಿಗೆ ನಿಗದಿಯಾಯಿತು. ಅರಮನೆ ಉಳಿಯಿತು, ಬಿರುದುಗಳು ಉಳಿದವು, ದರಬಾರು ನಡೆಯಿತು. ರಾಜ್ಯ ಮಾತ್ರ ಉಳಿಯಲಿಲ್ಲ. ಅವರಿಗಾಗ ವಯಸ್ಸು ಮೂವತ್ತೇಳು.

ತಪ್ಪು ಸಲಹೆ ಕೊಟ್ಟವರಿಗೆ ಏನಾಯಿತು? ಆ ದಿವಾನರ, ಭಕ್ಷಿಗಳ, ಫೌಜುದಾರರ ಹೆಸರುಗಳನ್ನು ಇಂದು ಚರಿತ್ರೆಯ ವಿದ್ಯಾರ್ಥಿಗಳಷ್ಟೇ ಬಲ್ಲರು. ಜನರ ನೆನಪಿನಲ್ಲಿ ಉಳಿದದ್ದು ದೊರೆಯ ಹೆಸರು; ರಾಜ್ಯ ಕಳೆದುಕೊಂಡವರೆಂಬ ಮಾತು ಅಂಟಿಕೊಂಡದ್ದೂ ಅದಕ್ಕೇ. ಪ್ರಜೆಗಳ ಪಾಪದಲ್ಲಿ ರಾಜನಿಗೂ, ರಾಜನ ಪಾಪದಲ್ಲಿ ಅವನಿಗೆ ಬುದ್ಧಿ ಹೇಳುವ ಪುರೋಹಿತನಿಗೂ ಪಾಲುಂಟೆಂದು ಹಳೆಯ ನೀತಿಕಾರರು ಹೇಳಿದ್ದರು. ಲೋಕದ ವ್ಯವಹಾರದಲ್ಲಿ ಪುರೋಹಿತನು ತಪ್ಪಿಸಿಕೊಳ್ಳುತ್ತಾನೆ. ರಾಜನು ತಪ್ಪಿಸಿಕೊಳ್ಳಲಾರ.

ತೀರ್ಪು ಕೊಟ್ಟವರ ಹೊಣೆ

ಈ ಚರಿತ್ರೆಯಲ್ಲಿ ಇನ್ನೊಂದು ಮಗ್ಗುಲಿದೆ. ಅದನ್ನು ಹೇಳದಿದ್ದರೆ ಕೃಷ್ಣರಾಜರಿಗೆ ಅನ್ಯಾಯವಾಗುತ್ತದೆ.

ಬೆಂಟಿಂಕರು ಮೈಸೂರಿಗೆ ಬಂದು ನೋಡಿ ಈ ನಿರ್ಣಯ ಮಾಡಿದವರಲ್ಲ. ಮದರಾಸು ಸರ್ಕಾರವೂ ಅಧಿಕಾರಿಗಳೂ ಕಳುಹಿಸಿದ ವರದಿಗಳನ್ನು ನಂಬಿ ರುಜು ಹಾಕಿದರು. ಆಮೇಲೆ ಹಾಕರ್, ಮಾರಿಸನ್, ಮೆಕ್ಲಾಯ್ಡ್, ಕಬ್ಬನ್ ಇವರನ್ನೊಳಗೊಂಡ ಒಂದು ವಿಚಾರಣಾ ಸಮಿತಿಯನ್ನು ನೇಮಿಸಿದರು. 1833ರ ಕೊನೆಯಲ್ಲಿ ಸಮಿತಿ ವರದಿ ಕೊಟ್ಟಿತು. ಆಡಳಿತ ಕೆಟ್ಟಿದ್ದು ನಿಜವೆಂದು ಅದರಿಂದ ಸ್ಪಷ್ಟವಾಯಿತು. ಆದರೆ ಮೊದಲು ಬಂದಿದ್ದ ವರದಿಗಳಲ್ಲಿ ಅತಿಶಯೋಕ್ತಿ ಇದ್ದದ್ದೂ, ಕಂಪನಿಗೆ ಸಲ್ಲಬೇಕಾದ ಪೊಗದಿ ತಪ್ಪದೆ ಸಂದಿದ್ದುದೂ ಬೆಳಕಿಗೆ ಬಂದವು. ಹಾಗಿದ್ದಲ್ಲಿ ನಾಲ್ಕನೆಯ ಕಲಮಿನ ಆಧಾರದಿಂದ ಇಡೀ ರಾಜ್ಯವನ್ನು ತೆಗೆದುಕೊಂಡದ್ದು ನ್ಯಾಯವೇ ಎಂಬ ಪ್ರಶ್ನೆ ಎದ್ದಿತು.

1834ರಲ್ಲಿ ದಕ್ಷಿಣಕ್ಕೆ ಬಂದು ದೊರೆಯನ್ನು ಕಂಡ ಬೆಂಟಿಂಕರು ರಾಜ್ಯದ ಒಂದು ಭಾಗವನ್ನಾದರೂ ಅವರಿಗೆ ಹಿಂದಕ್ಕೆ ಕೊಡಬೇಕೆಂದು ಮೇಲಿನವರಿಗೆ ಶಿಫಾರಸು ಮಾಡಿದರು. ಲಂಡನ್ನಿನ ನಿರ್ದೇಶಕರ ಮಂಡಲಿ ಅದನ್ನು ಒಪ್ಪಲಿಲ್ಲ. ಮೈಸೂರಿನ ವಿಷಯದಲ್ಲಿ ತಾವು ಮಾಡಿದ್ದರ ಬಗ್ಗೆ ಬೆಂಟಿಂಕರು ಮುಂದೆ ವ್ಯಥೆಪಟ್ಟರೆಂದು ಅವರನ್ನು ಬಲ್ಲವರು ದಾಖಲಿಸಿದ್ದಾರೆ.

ಇದೇ ಬೆಂಟಿಂಕರು ತಮ್ಮ ಯೌವನದಲ್ಲಿ ಇದೇ ತಕ್ಕಡಿಯಲ್ಲಿ ತೂಗಿಸಿಕೊಂಡವರು. 1803ರಿಂದ ಅವರು ಮದರಾಸಿನ ಗವರ್ನರ್ ಆಗಿದ್ದರು. ಸೇನಾಧಿಪತಿ ಸರ್ ಜಾನ್ ಕ್ರಾಡಕ್ ಸಿಪಾಯಿಗಳ ರುಮಾಲು, ಗಡ್ಡ, ಹಣೆಯ ಧರ್ಮಚಿಹ್ನೆಗಳ ವಿಷಯದಲ್ಲಿ ಹೊಸ ನಿಯಮ ತಂದಾಗ ಗವರ್ನರ್ ಅದಕ್ಕೆ ಅಡ್ಡಿ ಮಾಡಲಿಲ್ಲ. 1806ರ ಜುಲೈ 10ರಂದು ವೇಲೂರು ಕೋಟೆಯಲ್ಲಿ ಸಿಪಾಯಿಗಳು ದಂಗೆಯೆದ್ದರು. ಕೃಷ್ಣಗಿರಿಯ ಘಟ್ಟ ಇಳಿದು ಪೂರ್ವಕ್ಕೆ ಹೋದರೆ ಸಿಗುವ ವೇಲೂರೇ ಅದು. ಮರು ವರ್ಷ ಸೇನಾಧಿಪತಿಯನ್ನೂ ಗವರ್ನರನ್ನೂ ಲಂಡನ್ನಿಗೆ ವಾಪಸು ಕರೆಸಿಕೊಂಡರು. ಸೇನೆಯವರ ಸಲಹೆಯನ್ನು ನಂಬಿದ್ದಕ್ಕೆ ತಮಗೆ ಶಿಕ್ಷೆಯಾಯಿತೆಂದು ಬೆಂಟಿಂಕರು ಬಹುಕಾಲ ಕೊರಗಿದರು. ಪರಿವಾರದ ತಪ್ಪು ತಲೆಯಾಳಿನ ಕುತ್ತಿಗೆಗೆ ಬರುವುದನ್ನು ಸ್ವಂತ ಅನುಭವದಿಂದ ಬಲ್ಲವರು, ಮೈಸೂರಿನ ವಿಷಯದಲ್ಲಿ ತಮ್ಮ ಅಧಿಕಾರಿಗಳ ವರದಿಯನ್ನು ಪರೀಕ್ಷಿಸದೆ ನಂಬಿದರು. ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮೈಸೂರಿನ ತಪ್ಪನ್ನು ಅವರು ಅಧಿಕಾರಿಗಳ ಮೇಲೆ ಹೊರಿಸಿ ಸುಮ್ಮನಾಗದೆ, ತಿದ್ದುವ ಯತ್ನ ಮಾಡಿದರು. ತಿದ್ದುವ ಅಧಿಕಾರ ಆಗ ಅವರ ಕೈಮೀರಿತ್ತು. ಅವಸರದಲ್ಲಿ ಹಾಕಿದ ರುಜುವನ್ನು ಅಳಿಸುವುದು ಹಾಕಿದಷ್ಟು ಸುಲಭವಲ್ಲ.

ರಾಜ್ಯವಿಲ್ಲದ ಮೂವತ್ತೇಳು ವರ್ಷ

1834ರಿಂದ ಮಾರ್ಕ್ ಕಬ್ಬನ್ ಕಮಿಷನರಾಗಿ ಇಪ್ಪತ್ತೇಳು ವರ್ಷ ಮೈಸೂರನ್ನು ಆಳಿದರು. ಶರತ್ತಿನ ಪದ್ಧತಿ ಹೋಯಿತು. ಏಳುನೂರಕ್ಕೂ ಹೆಚ್ಚು ಪುಡಿ ತೆರಿಗೆಗಳು ರದ್ದಾದವು. ದೊರೆಯ ಕಾಲದಲ್ಲಿಯೇ ಮಾಡಬಹುದಾಗಿದ್ದ ಕೆಲಸವನ್ನು ಬೇರೆಯವರು ಮಾಡಿ ಹೆಸರು ಪಡೆದರು.

ಕೃಷ್ಣರಾಜರು ಕಹಿಯಲ್ಲಿ ಕುಳಿತು ಕಾಲ ಕಳೆಯಲಿಲ್ಲ. 1833ರಲ್ಲಿ ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆಯನ್ನು ತೆರೆದರು. ಮುಂದೆ ಅದೇ ಮಹಾರಾಜಾ ಕಾಲೇಜಾಗಿ ಬೆಳೆಯಿತು. ದೇವತಾಮೂರ್ತಿಗಳ ಚಿತ್ರಗಳಿಂದ ತುಂಬಿದ, ಒಂಬತ್ತು ನಿಧಿಗಳ ಶ್ರೀತತ್ತ್ವನಿಧಿ ಅವರ ಆಶ್ರಯದಲ್ಲಿ ಸಿದ್ಧವಾಯಿತು. ಅಳಿಯ ಲಿಂಗರಾಜರು, ಬಸವಪ್ಪ ಶಾಸ್ತ್ರಿಗಳು ಮೊದಲಾದವರು ಆ ಆಸ್ಥಾನದ ನೆರಳಿನಲ್ಲಿ ಬೆಳೆದರು. ಚದುರಂಗದ ಆಟದಲ್ಲಿ ದೊರೆ ನಿಪುಣರಾಗಿದ್ದರು. ಅದರ ಮೇಲೆ ಅವರು ರಚಿಸಿದ ಚಮತ್ಕಾರಗಳು ಇಂದಿಗೂ ಬಲ್ಲವರ ಮೆಚ್ಚಿಗೆ ಪಡೆದಿವೆ. ಒಂದು ಕಾಯನ್ನು ತಪ್ಪು ಮನೆಯಲ್ಲಿಟ್ಟರೆ ರಾಜನಿಗೆ ಹೇಗೆ ಕುತ್ತು ಬರುವುದೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು!

ರಾಜ್ಯವನ್ನು ಹಿಂದಕ್ಕೆ ಪಡೆಯುವ ಪ್ರಯತ್ನವನ್ನು ಅವರು ಎಂದೂ ಬಿಡಲಿಲ್ಲ. ಯುದ್ಧದ ಮಾತಿಲ್ಲ, ಒಳಸಂಚಿಲ್ಲ. ಅರ್ಜಿಯ ಮೇಲೆ ಅರ್ಜಿ. ಈ ಕಾಲದಲ್ಲಿ ಅವರ ನಡತೆಯಲ್ಲಿ ಹೊಸ ಎಚ್ಚರ ಕಾಣುತ್ತದೆ. 1860ರಲ್ಲಿ ಮೈಸೂರಿನ ಮೇಲ್ವಿಚಾರಣೆಯನ್ನು ಮದರಾಸು ಸರ್ಕಾರಕ್ಕೆ ವಹಿಸಬೇಕೆಂಬ ಆಜ್ಞೆ ಬಂದಾಗ ದೊರೆ ಅದನ್ನು ಬಲವಾಗಿ ವಿರೋಧಿಸಿದರು. ಕಬ್ಬನ್ನರೂ ರಾಜೀನಾಮೆ ಕೊಡಲು ಮುಂದಾದರು. ಆಜ್ಞೆ ಹಿಂದಕ್ಕೆ ಹೋಯಿತು. ಒಮ್ಮೆ ತಮ್ಮ ಪೀಠದ ಮೇಲೆ ಕುಳಿತ ಅಧಿಕಾರಿಯಾದರೂ ಕಬ್ಬನ್ನರ ಯೋಗ್ಯತೆಯನ್ನು ದೊರೆ ಗುರುತಿಸಿದ್ದರು.

1861ರಲ್ಲಿ ರಾಜ್ಯವನ್ನು ಮರಳಿ ಕೊಡಬೇಕೆಂದು ಲಾರ್ಡ್ ಕ್ಯಾನಿಂಗರಿಗೆ ಬರೆದರು; ಮರು ವರ್ಷ ನಿರಾಕರಣೆಯ ಉತ್ತರ ಬಂತು. ಗಂಡು ಸಂತಾನವಿಲ್ಲದ ದೊರೆ 1865ರ ಜೂನ್ 18ರಂದು ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಆ ದತ್ತು ಮಗನಿಗೆ ರಾಜ್ಯದ ಹಕ್ಕಿಲ್ಲವೆಂದು ಕಲ್ಕತ್ತೆಯ ಸರ್ಕಾರ ಹೇಳಿತು. ಮೈಸೂರನ್ನು ನುಂಗಬಾರದೆಂದು ಇಂಗ್ಲೆಂಡಿನಲ್ಲಿಯೇ ದನಿಯೆದ್ದಿತು. ಮೇಜರ್ ಇವಾನ್ಸ್ ಬೆಲ್ ಪುಸ್ತಕ ಬರೆದರು, ಜಾನ್ ಮಾರ್ಲೆ ಲೇಖನ ಬರೆದರು. ಕೊನೆಗೆ 1867ರ ಏಪ್ರಿಲ್‌ನಲ್ಲಿ ಭಾರತ ಮಂತ್ರಿ ಸ್ಟ್ಯಾಫರ್ಡ್ ನಾರ್ತ್‌ಕೋಟರು ದತ್ತು ಮಗನ ಹಕ್ಕನ್ನು ಒಪ್ಪಿಕೊಂಡರು. ಮೈಸೂರು ಒಡೆಯರ ಮನೆತನಕ್ಕೆ ಉಳಿಯುವುದೆಂಬ ಭರವಸೆಯನ್ನು ಕಣ್ಣಾರೆ ಕಂಡು, 1868ರ ಮಾರ್ಚ್ 27ರಂದು, ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಕೃಷ್ಣರಾಜರು ಕಾಲವಾದರು.

ಬಾಳು ಬಿಟ್ಟುಹೋದ ಪಾಠ

1881ರ ಮಾರ್ಚ್ 25ರಂದು ರಾಜ್ಯ ಚಾಮರಾಜೇಂದ್ರ ಒಡೆಯರ ಕೈಗೆ ಬಂತು. ದಿವಾನ್ ಸಿ. ರಂಗಾಚಾರ್ಲು ಅವರು ಆ ವರ್ಷವೇ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಅಕ್ಟೋಬರ್ 7ರಂದು, ದಸರೆಯ ಕಾಲದಲ್ಲಿ, 144 ಮಂದಿ ಮೈಸೂರಿನಲ್ಲಿ ಸೇರಿದರು. ವರ್ಷದ ಆಡಳಿತ ಹೇಗೆ ನಡೆಯಿತೆಂಬ ಲೆಕ್ಕವನ್ನು ದಿವಾನರು ಅವರ ಮುಂದೆ ಓದಿದರು. ಸರಿಯಾಗಿ ಐವತ್ತು ವರ್ಷದ ಹಿಂದೆ, ಅದೇ ದಸರೆಯ ಆಸುಪಾಸಿನಲ್ಲಿ, ಲೆಕ್ಕ ಕೇಳುವವರಿಲ್ಲದೆ ಒಂದು ರಾಜ್ಯ ಕೈತಪ್ಪಿತ್ತು. ಅಜ್ಜನಿಗೆ ದೊರೆಯದೆ ಹೋದ ರಕ್ಷೆ ಮೊಮ್ಮಗನ ವಯಸ್ಸಿನ ದತ್ತುಪುತ್ರನಿಗೆ ದೊರೆಯಿತು. ಅಧಿಕಾರಿಯು ಜನರ ಎದುರಿನಲ್ಲಿ ಲೆಕ್ಕ ಒಪ್ಪಿಸುವಂತಾದರೆ, ದೊರೆಯ ಕಿವಿಯಲ್ಲಿ ಸುಳ್ಳು ಹೇಳುವುದು ಅಷ್ಟು ಸುಲಭವಲ್ಲ.

ಸ್ವತಂತ್ರ ಭಾರತದಲ್ಲಿಯೂ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬಂದಿದೆ. 1956ರ ನವೆಂಬರಿನಲ್ಲಿ ತಮಿಳುನಾಡಿನ ಅರಿಯಲೂರಿನ ಬಳಿ ರೈಲು ಅಪಘಾತವಾದಾಗ, ಹಳಿಯನ್ನೂ ಸೇತುವೆಯನ್ನೂ ತಾವು ನೋಡಿಕೊಳ್ಳುವವರಲ್ಲದಿದ್ದರೂ, ರೈಲ್ವೆ ಮಂತ್ರಿ ಲಾಲ್ ಬಹಾದೂರ್ ಶಾಸ್ತ್ರಿಯವರು ರಾಜೀನಾಮೆ ಕೊಟ್ಟರು. ಜೀವವಿಮಾ ನಿಗಮದ ಹಣವನ್ನು ಮುಂಧ್ರಾ ಕಂಪನಿಗಳ ಷೇರುಗಳಲ್ಲಿ ತೊಡಗಿಸಿದ ಪ್ರಕರಣದಲ್ಲಿ, ಕಾರ್ಯದರ್ಶಿಯ ಕೆಲಸಕ್ಕೆ ಮಂತ್ರಿಯೇ ಹೊಣೆಗಾರರೆಂದು ನ್ಯಾಯಮೂರ್ತಿ ಛಾಗ್ಲಾ ಅವರ ವಿಚಾರಣೆ ತೀರ್ಮಾನಿಸಿತು. 1958ರಲ್ಲಿ ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ಪದವಿ ಬಿಟ್ಟರು. ಮೊದಲನೆಯವರು ತಾವಾಗಿಯೇ ಹೊಣೆ ಹೊತ್ತರು. ಎರಡನೆಯವರಿಗೆ ವಿಚಾರಣೆಯ ತೀರ್ಪು ಬರಬೇಕಾಯಿತು. ತಮ್ಮವರು ಮಾಡಿದ್ದು ತಮಗೆ ತಿಳಿಯದು ಎಂಬ ಮಾತು ಇಬ್ಬರನ್ನೂ ಕಾಯಲಿಲ್ಲ.

ಎಲ್ಲ ತಪ್ಪಿಗೂ ಯಜಮಾನನೇ ಅಪರಾಧಿ ಎಂದು ಇದರ ಅರ್ಥವಲ್ಲ. ಆಳು ಕದ್ದರೆ ಕಳ್ಳತನ ಆಳಿನದೇ. ಆದರೆ ಆಳನ್ನು ಆರಿಸಿದವರು ಯಾರು, ಅವನ ಲೆಕ್ಕ ನೋಡಿದರೇ ಇಲ್ಲವೇ, ದೂರು ಬಂದಾಗ ಕೇಳಿದರೇ ಇಲ್ಲವೇ ಎಂಬ ಮೂರು ಪ್ರಶ್ನೆಗಳಿಗೆ ಯಜಮಾನನೇ ಉತ್ತರ ಕೊಡಬೇಕು. ಕೃಷ್ಣರಾಜರ ಬಾಳನ್ನು ಈ ಮೂರರಿಂದ ಅಳೆದರೆ ಅವರ ತಪ್ಪೂ ಕಾಣುತ್ತದೆ, ಅವರಿಗೆ ಆದ ಅನ್ಯಾಯವೂ ಕಾಣುತ್ತದೆ. ಆರಿಸುವುದರಲ್ಲಿ ಸೋತರು, ನೋಡುವುದರಲ್ಲಿ ಸೋತರು, 1825ರಲ್ಲಿ ಎಚ್ಚರಿಸಿದಾಗಲೂ ಎಚ್ಚರಗೊಳ್ಳಲಿಲ್ಲ. ಆದರೆ ಅವರಿಗೆ ವಿಧಿಸಿದ ಶಿಕ್ಷೆ ತಪ್ಪಿನ ಅಳತೆಯನ್ನು ಮೀರಿತ್ತು.

ಈ ಪ್ರಶ್ನೆಗಳು ಅರಮನೆಗೂ ವಿಧಾನಸಭೆಗೂ ಮಾತ್ರ ಸೇರಿದವಲ್ಲ. ಪಂಚಾಯಿತಿಯ ಅಧ್ಯಕ್ಷರಿಗೂ, ಸಹಕಾರ ಸಂಘದ ಹಿರಿಯರಿಗೂ, ದೇವರ ಕಾಣಿಕೆಯ ಹಣಕ್ಕೆ ಕಾವಲಿರುವ ಸಮಿತಿಗೂ ಇವು ಅನ್ವಯಿಸುತ್ತವೆ. ರಥವನ್ನು ಎಳೆಯುವ ಕೈಗಳು ನೂರಾರು. ಗಾಲಿಗೆ ಸನ್ನೆ ಕೊಡುವವನು ಒಬ್ಬನೇ ಆದರೂ, ಅವನನ್ನು ಅಲ್ಲಿ ನಿಲ್ಲಿಸಿದ ಹಿರಿಯರು ತೇರು ನೆಲೆಗೆ ಬರುವವರೆಗೆ ಅವನ ಮೇಲಿನ ಕಣ್ಣನ್ನು ತೆಗೆಯುವುದಿಲ್ಲ. ನಾಡಿನ ತೇರಿಗೂ ಅಂಥ ಕಣ್ಣು ಬೇಕು.

ಹಿರಿಯ ಸ್ಥಾನದಲ್ಲಿರುವವರೆಲ್ಲರಿಗೂ ಒಳ್ಳೆಯ ಮಾತನ್ನು ಗುರುತಿಸುವ ಕಿವಿಯನ್ನೂ, ತಪ್ಪಿದಾಗ ಒಪ್ಪಿಕೊಳ್ಳುವ ಧೈರ್ಯವನ್ನೂ ಭಗವಂತನು ಕರುಣಿಸಲಿ. ಸರ್ವೇ ಜನಾಃ ಸುಖಿನೋ ಭವಂತು.